ಬೆರಕೆ

ಮೆಕ್ಸಿಕೊದಲ್ಲಿ 'ಮೆಸ್ಟಿಸೊ' ಅಂದರೆ ಬೆರಕೆಯವನು. ಸ್ಪೇನಿನವರ ರಕ್ತವೂ ಮೂಲನಿವಾಸಿಗಳ ರಕ್ತವೂ ಕೂಡಿದವನು, ಹಾಗಾಗಿ ಇಂಡಿಯನ್ ಅಲ್ಲ ಎಂದು ಲೆಕ್ಕ. ಆದರೆ ಅದೇ ದೇಶದ ಯುಕಟಾನ್ ಸೀಮೆಯ ಹಳ್ಳಿಗಳಲ್ಲಿ ಈ ಪದ ಮಗ್ಗುಲು ಬದಲಿಸಿ ಮಲಗಿದೆ. ಅಲ್ಲಿ ಮೆಸ್ಟಿಸಾ ಎಂದರೆ ಹೂವಿನ ಕಸೂತಿಯ ಬಿಳಿ 'ಇಪಿಲ್' ತೊಟ್ಟು ಮನೆಯಲ್ಲಿ ಮಾಯಾ ನುಡಿ ಆಡುವ ಹೆಂಗಸು. ಆಕೆಯ ಮಗಳು ಪೇಟೆಯ ಉಡುಪು ತೊಟ್ಟಳೋ, 'ಕತ್ರಿನಾ' ಆದಳು. ಒಂದೇ ಒಲೆಯ ಮುಂದೆ ಎರಡು ಜಾತಿ. ನಡುವಿನ ಗೆರೆ ರಕ್ತದ್ದಲ್ಲ, ಬಟ್ಟೆಯದು.

ಪದ ಹೀಗೆ ಮಗ್ಗುಲು ಬದಲಿಸಿದ್ದಕ್ಕೆ ಬಹುಮಟ್ಟಿಗೆ ಕಾರಣ 1847ರಲ್ಲಿ ಹೊತ್ತಿಕೊಂಡ ಮಾಯಾ ರೈತರ ದಂಗೆ. ದಂಗೆಕೋರರ ಪವಿತ್ರ ಪಟ್ಟಣ ಚಾನ್ ಸಾಂತಾ ಕ್ರೂಸ್ 1901ರಲ್ಲಿ ಸೈನ್ಯದ ವಶವಾಗುವ ತನಕ ಅದು ಆರಲಿಲ್ಲ. 'ಇಂಡಿಯೊ' ಎಂದರೆ ದಂಗೆಕೋರ ಎಂದಾದ ಮೇಲೆ ಸರ್ಕಾರದ ಕಡೆ ಉಳಿದ ರೈತ ಆ ಹೆಸರನ್ನು ಯಾಕೆ ಹೊತ್ತಾನು? ಮೆಸ್ಟಿಸೊ ಆದ. ಕಾಡು ಸೇರಿದ ದಂಗೆಕೋರರಾದರೂ ತಮ್ಮನ್ನು ಮಾಯಾ ಅಂದುಕೊಳ್ಳಲಿಲ್ಲ, 'ಮಾಸೆವಾಲ್' ಅಂದುಕೊಂಡರು. ಅದೂ ನಹುವಾತ್ಲ್ ಭಾಷೆಯಿಂದ ಬಂದ ಕಡದ ಪದ. ಸಾಮಾನ್ಯ ಪ್ರಜೆ ಎಂದರ್ಥ.

ಹಾಗಾದರೆ ಮಾಯಾ ಯಾರು? ಪಿರಮಿಡ್ಡು ಕಟ್ಟಿದವರು, ಹಿಂದಿನವರು ಎನ್ನುತ್ತಾರೆ ಅಲ್ಲಿನ ಎಷ್ಟೋ ಜನ. ನುಡಿಯ ವಿಷಯಕ್ಕೂ ಅದೇ ಸಂಕೋಚ. ಅಸಲಿ, 'ಹಾಚ್ ಮಾಯಾ', ಪೂರ್ವದ ವಯಾದೊಲಿದ್ ಕಡೆ ಇದೆಯಂತೆ. ನಾವಾಡುವುದು ಬರೀ 'ಶೆಕ್' ಎನ್ನುತ್ತಾರೆ. ಅಂದರೆ ಬೆರಕೆ. 2020ರ ಜನಗಣತಿಯಲ್ಲಿ 7 ಲಕ್ಷ 70 ಸಾವಿರಕ್ಕೂ ಹೆಚ್ಚು ಮಂದಿ ಮಾಯಾ ನುಡಿ ಆಡುವವರಿದ್ದರು. ಆದರೂ ಅಸಲಿಯದು ಯಾವಾಗಲೂ ಪಕ್ಕದೂರಿನಲ್ಲಿ.

ನನಗೆ ಇಷ್ಟವಾದದ್ದು ಶೆಕ್‌ನ ಇನ್ನೊಂದು ಅರ್ಥ. ಕಿತ್ತಳೆ, ಹಿಕಮಾ ಗೆಡ್ಡೆ, ಕೊತ್ತಂಬರಿ, ಖಾರದಪುಡಿ ಕಲಸಿದ ಕೋಸಂಬರಿಯಂಥ ತಿನಿಸಿಗೂ ಅಲ್ಲಿ ಅದೇ ಹೆಸರು. ಸತ್ತ ಹಿರಿಯರಿಗೆ ಎಡೆ ಇಡುವ 'ಹನಲ್ ಪಿಶಾನ್' ದಿನಗಳಲ್ಲಿ ಅದನ್ನು ಮಾಡುತ್ತಾರೆ. (ನಮಗೂ ಬೆರಕೆ ಸೊಪ್ಪಿನ ಸಾರು ಅಂದರೆ ಬಾಯಲ್ಲಿ ನೀರು. ಯಾರನ್ನಾದರೂ ಬೆರಕೆ ಅಂದು ನೋಡಿ, ಕೊರಳಪಟ್ಟಿಗೆ ಕೈ ಬರುತ್ತದೆ.)

ದಂಗೆಕೋರರ ಆ ಚಾನ್ ಸಾಂತಾ ಕ್ರೂಸ್ ಪಟ್ಟಣದ ಹೆಸರು ಈಗ ಫೆಲಿಪೆ ಕರಿಯೊ ಪುವೆರ್ತೊ. ಆ ಸೀಮೆಯ ಹುಡುಗ ಪ್ಯಾಟ್ ಬಾಯ್ ಮಾಯಾ ನುಡಿಯಲ್ಲಿ ರ್‍ಯಾಪ್ ಹಾಡುತ್ತಾನೆ. 2022ರ 'ಬ್ಲ್ಯಾಕ್ ಪ್ಯಾಂಥರ್: ವಕಾಂಡಾ ಫಾರೆವರ್' ಚಿತ್ರದ ಸಂಗೀತದಲ್ಲಿ ಅವನೂ ಗೆಳೆಯರೂ ಹಾಡಿದ ಹಾಡೊಂದಿದೆ. ಅದರ ಹೆಸರಿನ ಅರ್ಥ, ನಾವಿನ್ನೂ ಬದುಕಿದ್ದೇವೆ.