ಹದಿನಾಡಿನ ಯಳಂದೂರು: ಕಲ್ಲು, ಓಲೆ, ನೂಲು

ಬಿಳಿಗಿರಿರಂಗನ ಬೆಟ್ಟದ ಪಶ್ಚಿಮಕ್ಕೆ, ಸುವರ್ಣಾವತಿ ನದಿಯ ಬಯಲಿನಲ್ಲಿರುವ ಯಳಂದೂರು ಹದಿನಾಡಿನ ಪ್ರಭುಗಳ ರಾಜಧಾನಿಯಾಗಿತ್ತು. ಮೊದಲು ವಿಜಯನಗರಕ್ಕೆ, ಅನಂತರ ಮೈಸೂರಿಗೆ ಅಧೀನರಾಗಿದ್ದ ಈ ಪ್ರಭುಗಳ ಚರಿತ್ರೆಯನ್ನು ವಿದ್ವಾಂಸರು ಬಲ್ಲರು. ಆದರೆ ಊರಿಗೆ ಕೀರ್ತಿ ತಂದ ಕಲ್ಕುಟಿಗರ, ಲಿಪಿಕಾರರ, ನೇಕಾರರ ಹೆಸರುಗಳು ಎಲ್ಲಿ ಉಳಿದಿವೆ, ಎಲ್ಲಿ ಅಳಿದಿವೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಇಲ್ಲಿನ ಗೌರೀಶ್ವರ ದೇವಾಲಯವು 16ನೆಯ ಶತಮಾನದಲ್ಲಿ ಹದಿನಾಡಿನ ಸಿಂಗದೇಪ ಭೂಪಾಲನಿಂದ ನಿರ್ಮಿತವಾದುದು. ಅದರ ಮುಂದಿನ ಮಹಾದ್ವಾರವೇ ಜನರ ಬಾಯಲ್ಲಿ 'ಬಳೆಮಂಟಪ'. ಒಂದೇ ಕಲ್ಲಿನಲ್ಲಿ ಒಂದಕ್ಕೊಂದು ಕೋದಂತೆ ಕೆತ್ತಿದ ಬಳೆಗಳ ಸರಪಣಿಯಿಂದ ಈ ಹೆಸರು ಬಂದಿದೆ. ಗೋಡೆಗಳ ಮೇಲೆ ಅಂಧಕಾಸುರ ಸಂಹಾರ, ಕಾಳಿಂಗ ಮರ್ದನ, ಶರಭ, ವಾಲಿಸುಗ್ರೀವರೇ ಮೊದಲಾದ ಉಬ್ಬು ಶಿಲ್ಪಗಳಿವೆ. 1654ರಲ್ಲಿ ಇದೇ ಮನೆತನದ ಮುದ್ದರಾಜನು ಬರೆಯಿಸಿದ ಶಾಸನವು ವಂಶದ ಹಿರಿಮೆಯನ್ನು ವಿಸ್ತಾರವಾಗಿ ವರ್ಣಿಸುತ್ತದೆ. ಹೀಗೆ ಕಟ್ಟಿಸಿದವನ ಹೆಸರು ಸ್ಥಿರವಾಯಿತು. ಬಳೆಗಳನ್ನು ಕಡೆದವನನ್ನು ಊರು ಅವನ ಕೆಲಸದ ಹೆಸರಿನಿಂದ ಮಾತ್ರ ನೆನೆಯುತ್ತದೆ.

17ನೆಯ ಶತಮಾನದಲ್ಲಿ ಯಳಂದೂರು ವಿದ್ಯಾಕೇಂದ್ರವೂ ಆಗಿತ್ತು. 'ರಾಜಶೇಖರವಿಲಾಸ'ದ ಕವಿ ಷಡಕ್ಷರದೇವನಿಗೆ ಈ ಊರಿನ ನಿಕಟ ಸಂಬಂಧವುಂಟು. 1673ರಲ್ಲಿ ಪಟ್ಟವೇರಿದ ಚಿಕ್ಕದೇವರಾಜ ಒಡೆಯರ ಪ್ರಧಾನಿಯಾಗಿ, 1686ರ ಸುಮಾರಿಗೆ ಕೊಲೆಗೀಡಾದ ವಿಶಾಲಾಕ್ಷ ಪಂಡಿತನು ಯಳಂದೂರಿನ ಜೈನ ವಿದ್ವಾಂಸ. ಅದೇ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದು 'ಹದಿಬದೆಯ ಧರ್ಮ'ವನ್ನು ಸಾಂಗತ್ಯದಲ್ಲಿ ರಚಿಸಿದ ಹೊನ್ನಮ್ಮನಿಗೂ ಇದೇ ತವರೂರು. ವೀರಶೈವ, ಜೈನ, ಶ್ರೀವೈಷ್ಣವ ವಿದ್ವತ್ಪರಂಪರೆಗಳು ಇಷ್ಟು ಚಿಕ್ಕ ಊರಿನ ಕಥೆಯಲ್ಲಿ ಸಂಗಮಿಸಿರುವುದು ಗಮನಾರ್ಹ.

ಈ ಕಾವ್ಯಗಳು ಉಳಿದುಬಂದುದು ಲಿಪಿಕಾರರ ಕೈಗಳಿಂದ. ಓಲೆಯನ್ನು ಹದಮಾಡಿ, ಒಣಗಿಸಿ, ನಯಗೊಳಿಸಿ, ದಾರಕ್ಕೆ ರಂಧ್ರವಿಟ್ಟು, ಕಬ್ಬಿಣದ ಕಂಠದಿಂದ ಅಕ್ಷರ ಕೊರೆದು, ಕಾಡಿಗೆ ಸವರಿ ಒರೆಸಿದಾಗ ಬರಹ ಕಾಣಿಸುತ್ತಿತ್ತು. ಲೆಕ್ಕಪತ್ರಗಳಿಗೆ ಕಡತ ಬಳಕೆಯಲ್ಲಿತ್ತು: ನೇಕಾರನ ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಮಗ್ಗಕ್ಕೂ ಬರಹಕ್ಕೂ ಇದ್ದ ನಂಟು ಈ ಕಡತದಲ್ಲಿ ಕೈಗೇ ತಾಗುತ್ತದೆ.

ಮಗ್ಗದ ಕೀರ್ತಿ ನೆರೆಯ ಕೊಳ್ಳೇಗಾಲದ್ದು. ಜರಿಯಂಚಿನ ರೇಷ್ಮೆ ವಸ್ತ್ರಗಳಿಗೆ ಆ ಊರು ಹೆಸರಾಯಿತು. ಸುತ್ತಲ ಸೀಮೆಯಲ್ಲಿ ಹಿಪ್ಪುನೇರಳೆ ಬೇಸಾಯ ಹಬ್ಬಿತು. ಆದರೆ 1799ರ ಬಳಿಕ ಈ ನೆರೆಯೂರುಗಳು ಬೇರೆ ಬೇರೆ ಆಡಳಿತಗಳಿಗೆ ಸೇರಿದವು. ಕೊಳ್ಳೇಗಾಲವು, ಇಂದು ಪ್ರತ್ಯೇಕ ತಾಲ್ಲೂಕಾಗಿರುವ ಹನೂರಿನ ಸೀಮೆಯೊಡನೆ, ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿ, 1956ರವರೆಗೆ ಹಾಗೆಯೇ ಇತ್ತು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಮೈಸೂರಿನಲ್ಲೇ ಉಳಿಯಿತು. ಆದುದರಿಂದ ಒಂದೇ ಸೀಮೆಯ ದಾಖಲೆಗಳನ್ನು ಎರಡು ರಾಜ್ಯಗಳಲ್ಲಿ ಅರಸಬೇಕಾಗಿದೆ. ಕನಕಗಿರಿಯ ದೇವಚಂದ್ರನು ನೆರವಾದ ಕರ್ನಲ್ ಮೆಕೆಂಜಿಯ ಸಂಗ್ರಹದ ಕೈಫಿಯತ್ತುಗಳೂ ಬಹುಪಾಲು ಮದರಾಸಿನಲ್ಲಿಯೇ ನೆಲೆಸಿದವು.

ಇನ್ನು ಮೊದಲಿನ ಪ್ರಶ್ನೆಗೆ ಬರಬಹುದು. ಕಲ್ಲು ಪ್ರಭುವಿನ ಹೆಸರನ್ನು ಉಳಿಸಿತು. ನೂಲು ಊರಿನ ಹೆಸರನ್ನು ಉಳಿಸಿತು. ಕೆಲಸಗಾರನ ಹೆಸರನ್ನು ಉಳಿಸಿದ್ದು ಓಲೆಯೊಂದೇ. ಪ್ರತಿಯ ಕೊನೆಯಲ್ಲಿ ಲಿಪಿಕಾರನು ಶಕವರ್ಷ, ಸಂವತ್ಸರ, ತಿಥಿ, ವಾರಗಳೊಡನೆ ತನ್ನ ಹೆಸರನ್ನೂ ಊರನ್ನೂ, ಯಾರಿಗಾಗಿ ಬರೆದನೆಂಬುದನ್ನೂ ತಿಳಿಸಿ, ತಪ್ಪಿದ್ದರೆ ತಿದ್ದಿ ಓದಿರೆಂದು ಬೇಡುವುದುಂಟು. ಅತ್ತಿಮಬ್ಬೆಯು ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದನ್ನು ನಾಡು ಮರೆತಿಲ್ಲ. ಆ ಸಾವಿರ ಪ್ರತಿಗಳನ್ನು ಬರೆದವರನ್ನು ನೆನೆದವರು ವಿರಳ.

ಗ್ರಂಥ ಸಂಪಾದನೆಯಲ್ಲಿ ಈ ಅಂತ್ಯವಾಕ್ಯಗಳನ್ನು ಕವಿಯವಲ್ಲವೆಂದು ಬಿಟ್ಟುಬಿಡುವುದುಂಟು. ಪಾಠನಿರ್ಣಯಕ್ಕೆ ಅವು ಅನಗತ್ಯವೆನಿಸಬಹುದು; ಚರಿತ್ರೆಗೆ ಅನಿವಾರ್ಯ. ಬಿಡಿ ಗರಿಗಳಲ್ಲಿ ಮೊದಲು ಸವೆದು ಮುರಿಯುವುದು ಕಟ್ಟಿನ ಮೊದಲ ಹಾಗೂ ಕೊನೆಯ ಗರಿಗಳೇ ಆದ್ದರಿಂದ, ಕೊಳ್ಳೇಗಾಲ, ಯಳಂದೂರು ಸೀಮೆಯ ಮಠಮನೆಗಳಲ್ಲಿ ಉಳಿದಿರಬಹುದಾದ ಓಲೆಕಟ್ಟುಗಳ ಅಂತ್ಯವಾಕ್ಯಗಳನ್ನು ಮೊದಲು ನಕಲು ಮಾಡಿಕೊಳ್ಳುವುದು ಅಗತ್ಯ. ಬಳೆಮಂಟಪದ ಶಿಲ್ಪಿ ಹೇಳದೆ ಹೋದ ಹೆಸರನ್ನು ಲಿಪಿಕಾರನು ಹೇಳಿಹೋಗಿದ್ದಾನೆ. ಅದನ್ನು ಓದುವ ಹೊಣೆ ಸಂಶೋಧಕರದು.