ಹುಲ್ಲುಗಾವಲಿನ ಅಗಲ ಎಲೆ ಕಳೆಗಳು: ಹಾವೇರಿ ಸೀಮೆ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಭಾಗದ ಗಾಯರಾಣ, ಬದು ಮತ್ತು ಮೇವಿನ ತಾಕುಗಳಲ್ಲಿ ಹುಲ್ಲಿನ ಜಾಗ ಕಬಳಿಸುವ ಅಗಲ ಎಲೆ ಕಳೆಗಳಲ್ಲಿ ಮುಖ್ಯವಾದದ್ದು ಪಾರ್ಥೇನಿಯಂ, ಅಂದರೆ ಜನರ ಬಾಯಲ್ಲಿನ ಕಾಂಗ್ರೆಸ್ ಕಸ. ಇಲ್ಲಿನ ಕಳೆ ಹತೋಟಿಯ ಇತಿಹಾಸ ಬಹುಪಾಲು ಈ ಒಂದು ಗಿಡದ ಇತಿಹಾಸವೇ.

ಸಾಲುಬಿತ್ತನೆಯ ಹೊಲಕ್ಕೆ ಎಡೆಕುಂಟೆ ಹಿಂದಿನಿಂದಲೂ ಇತ್ತು. ಜೋಳ, ಅದರ ಅಕ್ಕಡಿ ಕಾಳುಗಳ ನಡುವೆ ಎತ್ತು ಹೂಡಿ ಎಡೆ ಹೊಡೆದ ಮೇಲೆ ಸಾಲಿನೊಳಗೆ ಉಳಿದ ಕಸವನ್ನು ಹೆಣ್ಣಾಳುಗಳು ಕೈಯಿಂದ ತೆಗೆಯುತ್ತಿದ್ದರು. ಚೆಲ್ಲಿ ಬಿತ್ತಿದ ಮೇವಿಗೆ, ತಾನಾಗಿ ಹುಟ್ಟಿದ ಗಾಯರಾಣಕ್ಕೆ ಕುಂಟೆ ಹಾಯುವುದಿಲ್ಲ. ಅಲ್ಲಿ ಆ ಕೆಲಸ ದನಕುರಿಗಳ ಬಾಯಿಗೆ ಬಿಟ್ಟದ್ದು. ದನ ಮೂಸಿ ಬಿಡುವ ಗಿಡ ಬಂದಾಗ ಈ ಏರ್ಪಾಡು ಕೈಕೊಟ್ಟಿತು. ಹಸಿದ ದನ ಅದನ್ನು ತಿಂದರೆ ಹಾಲು ಕಹಿಯಾಗುತ್ತದೆ. ಕಿತ್ತವರ ಮೈಗೆ ತುರಿಕೆ, ಕೆಲವರಿಗೆ ಉಬ್ಬಸ.

ಅಮೆರಿಕ ಖಂಡದ ಈ ಸಸ್ಯ 1955ರ ಸುಮಾರಿಗೆ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಆಮದು ಗೋಧಿಯೊಂದಿಗೆ ಬಂತೆಂಬ ಮಾತು ಪ್ರಚಲಿತವಾದರೂ ಅದು ಭಾರತದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲೇ ಇದ್ದದ್ದಕ್ಕೆ ಸಸ್ಯಸಂಗ್ರಹದ ಆಧಾರವಿದೆ. ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ದಟ್ಟ ಹುಲ್ಲಿನಲ್ಲಿ ಅದು ಸೊರಗುತ್ತದೆ, ಮೇದು ಬೋಳಾದ ನೆಲದಲ್ಲಿ ಸೊಕ್ಕುತ್ತದೆ.

1975ರಲ್ಲಿ ಕರ್ನಾಟಕ ಸರ್ಕಾರ 1968ರ ಕೃಷಿ ಕೀಟ ಮತ್ತು ರೋಗಗಳ ಕಾಯ್ದೆಯಡಿ ಇದನ್ನು ಹಾನಿಕಾರಕ ಕಳೆಯೆಂದು ಸಾರಿತು. ಇಂಥ ಕಾನೂನು ಹಿಡಿಯುವುದು ಜಮೀನಿನ ಒಡೆಯನನ್ನು; ಗಿಡ ಹೆಚ್ಚಿದ್ದು ಯಾರೂ ತನ್ನದೆನ್ನದ ರಸ್ತೆಬದಿ, ಗಾಯರಾಣಗಳಲ್ಲಿ. ಘೋಷಣೆ ಕಾಗದದಲ್ಲೇ ಉಳಿದದ್ದು ಆಶ್ಚರ್ಯವಲ್ಲ.

ಹೆಚ್ಚು ಫಲ ಕೊಟ್ಟದ್ದು ಒಂದು ದುಂಬಿ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 1983ರಲ್ಲಿ ಮೆಕ್ಸಿಕೊದಿಂದ ತರಿಸಿ, 1984ರಲ್ಲಿ ಬಯಲಿಗೆ ಬಿಟ್ಟ ಜೈಗೊಗ್ರಾಮ ಬೈಕಲರೇಟ ಮಳೆಗಾಲದಲ್ಲಿ ಎಲೆ ಬೋಳಿಸಿ, ಒಣಗಾಲದಲ್ಲಿ ಮಣ್ಣಿನೊಳಗೆ ಸುಪ್ತವಾಗಿರುತ್ತದೆ. 1990ರ ದಶಕದ ಆರಂಭದಲ್ಲಿ ಅದು ಸೂರ್ಯಕಾಂತಿಯನ್ನೂ ತಿನ್ನುತ್ತದೆಂಬ ದೂರೆದ್ದು ಕೇಂದ್ರ ಸರ್ಕಾರ ಸಮಿತಿ ನೇಮಿಸಬೇಕಾಯಿತು.

ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಎಂ. ಮಹದೇವಪ್ಪ ಒತ್ತು ಕೊಟ್ಟದ್ದು ಗಿಡದಿಂದ ಗಿಡವನ್ನು ಹತ್ತಿಕ್ಕುವ ದಾರಿಗೆ: ಮುಂಗಾರಿಗೆ ಮುಂಚೆ ಕ್ಯಾಸಿಯಾ ಬೀಜ ಚೆಲ್ಲುವುದು. ರಸ್ತೆಬದಿಗೆ ಇದು ಒಪ್ಪುತ್ತದೆ. ದನಕ್ಕೆ ಸೇರದ ಕ್ಯಾಸಿಯಾ ಗಾಯರಾಣಕ್ಕೆ ಒಪ್ಪದು. ಪಾರ್ಥೇನಿಯಂ ಹತೋಟಿಯ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 1997ರ ಅಕ್ಟೋಬರಿನಲ್ಲಿ ಧಾರವಾಡದಲ್ಲೇ ನಡೆಯಿತು. ಹಾವೇರಿ ಆ ಜಿಲ್ಲೆಯಿಂದ ಬೇರೆಯಾಗಿ ಆಗ ಎರಡು ತಿಂಗಳೂ ತುಂಬಿರಲಿಲ್ಲ.

ಕಳೆನಾಶಕದ ತೊಡಕು ಬೇರೆ ಬಗೆಯದು. 1940ರ ದಶಕದಲ್ಲಿ ಬಂದ 2,4-ಡಿ ಹುಲ್ಲನ್ನು ಬಿಟ್ಟು ಅಗಲ ಎಲೆಯನ್ನು ಕೊಲ್ಲುತ್ತದೆ. ಹುಲ್ಲಿನೊಂದಿಗೆ ಬಿತ್ತಿದ ದ್ವಿದಳ ಮೇವೂ ಅಗಲ ಎಲೆಯದೇ. ಇಂಗ್ಲೆಂಡಿನಲ್ಲಿ ಕ್ಲೋವರ್ ಉಳಿಸಲು 2,4-ಡಿಬಿ ರೂಢಿಗೆ ಬಂತು: ಕಳೆಯ ಒಡಲಲ್ಲಿ ಅದು 2,4-ಡಿ ಆಗಿ ಮಾರ್ಪಡುತ್ತದೆ, ಕ್ಲೋವರಿನಲ್ಲಿ ಅಷ್ಟಾಗಿ ಇಲ್ಲ. ಕ್ಲೋವರ್ ತಂಪು ಸೀಮೆಯ ಬೆಳೆ; ಇಲ್ಲಿ ಆ ಸ್ಥಾನ ಸ್ಟೈಲೊ, ಅಲಸಂದೆ, ಕುದುರೆಮೆಂತ್ಯಗಳದ್ದು. ಈ ಮಿಶ್ರ ತಾಕುಗಳಲ್ಲಿ ಕೈಗಳೆಯೇ ನಂಬಿಗಸ್ತ. ಮಳೆ ಬಿದ್ದು ನೆಲ ಮೆತ್ತಗಿರುವಾಗ, ಹೂ ಬಿಡುವ ಮುಂಚೆ, ಕೈಗವಸು ತೊಟ್ಟು ಬೇರುಸಹಿತ ಕೀಳಬೇಕು. ಬರಿದೇ ಕೊಯ್ದರೆ ಬುಡದಿಂದ ಮತ್ತೆ ಚಿಗುರುತ್ತದೆ.