ಅಳದ ಕೂಸು, ಒಂದು ನಿಮಿಷ

1/5
ಗುಂಡ್ಲುಪೇಟೆಲಿ ಬಸ್ ಹತ್ತಿದ್ರೆ ಚಾಮರಾಜನಗರ ಎಷ್ಟೊತ್ತಿಗೆ ಸಿಗುತ್ತೆ ಅಂತ ನಿಮಗೆ ಗೊತ್ತಲ್ಲ? ಈಗ ಇದನ್ನ ಯೋಚಿಸಿ. ಹುಟ್ಟಿದ ಕೂಸು ಉಸಿರಾಡದಿದ್ರೆ ಒಂದು ನಿಮಿಷದೊಳಗೆ ಅದಕ್ಕೆ ಗಾಳಿ ಕೊಡೋಕೆ ಶುರು ಮಾಡಬೇಕು. ಡಾಕ್ಟ್ರುಗಳು ಇದನ್ನ ‘ಗೋಲ್ಡನ್ ಮಿನಿಟ್’ ಅಂತಾರೆ. ಅಷ್ಟರಲ್ಲಿ ಆಂಬ್ಯುಲೆನ್ಸೂ ಬರಲ್ಲ, ಜಿಲ್ಲಾಸ್ಪತ್ರೆಯ ಮಕ್ಕಳ ಡಾಕ್ಟ್ರೂ ಬರಲ್ಲ. ಹೆರಿಗೆ ಮಾಡಿಸ್ತಿರೋ ನರ್ಸಮ್ಮನ ಕೈಯೇ ಎಲ್ಲ.

2/5
ಮನೇಲಿ ಅಜ್ಜಿಯರನ್ನ ಕೇಳಿ ನೋಡಿ. “ಸತ್ತು ಹುಟ್ತು” ಅಂತ ಒಂದೇ ಮಾತಲ್ಲಿ ಮುಗಿದುಹೋದ ಕೂಸುಗಳು ಎಷ್ಟೋ. ಹೆಸರಿಲ್ಲ, ಫೋಟೋ ಇಲ್ಲ. ಆದ್ರೆ ಅವೆಲ್ಲ ನಿಜವಾಗ್ಲೂ ಸತ್ತೇ ಹುಟ್ಟಿದ್ವಾ? ಎದೆ ಬಡ್ಕೊಳ್ತಿದ್ದು ಉಸಿರು ಮಾತ್ರ ಶುರುವಾಗದ ಕೂಸೂ ಅಳಲ್ಲ, ಅಲ್ಲಾಡಲ್ಲ. ನೋಡೋರಿಗೆ ಎರಡೂ ಒಂದೇ ಥರ ಕಾಣುತ್ತೆ.

3/5
ಈ ಪ್ರಶ್ನೆ ಹಿಂದೆ ಬಿದ್ದವರಲ್ಲಿ ನಮ್ಮ ರಾಜ್ಯದವರೇ ಇದ್ದಾರೆ. ನಮ್ಮದು ದಕ್ಷಿಣದ ತುದಿಯಾದ್ರೆ ಅವರದು ಉತ್ತರದ ಬೆಳಗಾವಿ. ಅಲ್ಲಿನ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನ ಡಾ. ಶಿವಪ್ರಸಾದ ಗೌಡರ್ ಮತ್ತು ಅವರ ತಂಡ. 2010ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ‘ಹೆಲ್ಪಿಂಗ್ ಬೇಬೀಸ್ ಬ್ರೀದ್’ ಅನ್ನೋ ತರಬೇತಿ ಹೊರತಂದಿತ್ತು. ಅದನ್ನ ಕರ್ನಾಟಕದ ಹಳ್ಳಿಗಳ ಆರೋಗ್ಯ ಕೇಂದ್ರ, ಆಸ್ಪತ್ರೆಗಳಲ್ಲಿ ಹೆರಿಗೆ ಮಾಡಿಸೋ 599 ಜನರಿಗೆ ಕಲಿಸಿದ್ರು. ಗೊಂಬೆ ಇಟ್ಕೊಂಡು ಅಭ್ಯಾಸ. ಕೂಸನ್ನ ಒರೆಸಿ, ಬೆಚ್ಚಗಿಡಿ, ಬೆನ್ನು ಉಜ್ಜಿ. ಆಗಲೂ ಉಸಿರಾಡದಿದ್ರೆ ಮುಖಕ್ಕೆ ಮಾಸ್ಕ್ ಇಟ್ಟು, ಬ್ಯಾಗ್ ಅದುಮಿ ಗಾಳಿ ಕೊಡಿ. ಅಷ್ಟೇ.

4/5
ಈಗ ನಮ್ಮ ಬಿಕಾಂ ಕೆಲಸ: ಲೆಕ್ಕ. ತರಬೇತಿಗೆ ಮುಂಚಿನ 4187 ಜನನಗಳನ್ನ ಆಮೇಲಿನ 5411ರ ಜೊತೆ ಹೋಲಿಸಿದ್ರು. ಹೆರಿಗೆ ಹೊತ್ತಲ್ಲೇ ಹೋಯ್ತು ಅಂತ ಬರೆದ ಕೂಸುಗಳು ಶೇ. 1.7 ಇದ್ದದ್ದು ಶೇ. 0.9ಕ್ಕೆ ಇಳೀತು. ಸಾವಿರಕ್ಕೆ 17 ಇದ್ದದ್ದು 9.
ಬರೀ ಖಾತೆ ಬದಲಾಯ್ತಾ? ಅವತ್ತು ಉಳಿದ ಕೂಸು ಆಮೇಲೆ ಹೋಯ್ತಾ? ಇಲ್ಲ. ಹುಟ್ಟಿದ ಮೇಲಿನ ಎಳೆಗೂಸುಗಳ ಸಾವು ಶೇ. 1.8 ಇದ್ದದ್ದು 1.9, ಹೆಚ್ಚುಕಮ್ಮಿ ಅಷ್ಟೇ. ಉಳಿದವು ಉಳಿದ್ವು. ಇದು ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ 2013ರಲ್ಲಿ ಬಂತು.

5/5
ಕಥೆ ಇಲ್ಲಿಗೇ ಸುಖಾಂತ್ಯ ಅನ್ಕೋಬೇಡಿ. ಮುಂದೆ ಬೆಳಗಾವಿ, ನಾಗಪುರ, ಕೀನ್ಯಾಗಳಲ್ಲಿ ಇದನ್ನೇ ದೊಡ್ಡದಾಗಿ ಮಾಡಿದಾಗ, 2016ರ ವರದಿ ಪ್ರಕಾರ ಒಟ್ಟಾರೆ ಸಾವು ಇಳೀಲಿಲ್ಲ. ತರಬೇತಿ ಒಂದೇ ಸಾಲದು. ಕಲಿತ ಕೈ ಅಭ್ಯಾಸ ಬಿಟ್ರೆ ಮರೆಯುತ್ತೆ, ಬ್ಯಾಗು ಬೀರುವಲ್ಲಿ ಬೀಗ ಹಾಕ್ಕೊಂಡು ಕೂತಿದ್ರೆ ಆ ನಿಮಿಷಕ್ಕೆ ಸಿಗಲ್ಲ.
ನಿಮ್ಮ ಫ್ರೆಂಡ್ಸ್‌ನಲ್ಲಿ ನರ್ಸಿಂಗ್ ಓದ್ತಿರೋರು ಇದ್ದೇ ಇರ್ತಾರೆ. ಇದನ್ನ ಅವರಿಗೆ ಕಳಿಸಿ. ನಾಳೆ ನಮ್ಮೂರ ಹೆರಿಗೆ ಕೋಣೇಲಿ “ಸತ್ತು ಹುಟ್ತು” ಅನ್ನೋ ಮುಂಚೆ ಬ್ಯಾಗ್ ಕೈಗೆತ್ತಿಕೊಳ್ಳೋದು ಅವರೇ.

#ಚಾಮರಾಜನಗರ #ಗುಂಡ್ಲುಪೇಟೆ #ಗೊತ್ತಿರಲಿ